ಮಸಿ ಹಿಡಿಯದ ಪಾತ್ರೆ

ಫಿಜಿ ದ್ವೀಪದ ಲಬಾಸಾ ಪೇಟೆಗೆ ಬೆಂಡೆಕಾಯಿ ಹೊತ್ತು ಮಾರುವ ಸುಖರಾಜಿ ಮದುವೆಯಾಗಿ ಬಂದಾಗಿನಿಂದ ಒಂದೇ ದಾರಿ ಸವೆಸಿದಳು. ಕಬ್ಬಿನ ಗದ್ದೆ ದಾಟಿ, ಹಳ್ಳ ದಾಟಿ, ಫಿಜಿಯ ಮೂಲದವರ ಕೇರಿಯಲ್ಲಿ ಹಾದು ಬಸ್ಸಿಗೆ. ಕೇರಿಯ ಮೊದಲ ಮನೆ ಕೆಲೆರಾಳದು. ಕೇದಗೆ ಗರಿಯ ಚಾಪೆ ಹೆಣೆಯುವವಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು.

"ಬುಲಾ," ಅನ್ನುತ್ತಿದ್ದಳು ಕೆಲೆರಾ. ಅವರ ಮಾತಿನಲ್ಲಿ ಅದು ಬದುಕು. ಚೆನ್ನಾಗಿ ಬದುಕಿರು ಅಂತ ಎದುರಾದವರಿಗೆಲ್ಲ ಹೇಳುವುದು. ಸುಖರಾಜಿಯ ಅಜ್ಜ ಭಾರತದಿಂದ ಕಬ್ಬು ಕಡಿಯಲು ಬಂದಾಗ ಹಡಗಿನಲ್ಲಿ ತಂದ ಹಿಂದಿಯಲ್ಲಿ ಅದಕ್ಕೇ ಕರೆ ಅಂತ ಅರ್ಥ.

"ಯಾರನ್ನ ಕರೀಲಕ್ಕಾ, ನಿನ್ನ ಗಂಡನ್ನಾ?"

"ಅವನು ಬಂದ್ರೆ ನಿನ್ನ ಬುಟ್ಟಿ ಖಾಲಿ. ನೀನೇ ಬಾ ತಂಗಿ, ಉಣ್ಣು."

ಉಣ್ಣುವಾಗ ದಾರಿಯಲ್ಲಿ ಹೋಗುವವರನ್ನು ಕರೆಯದೆ ತುತ್ತು ಎತ್ತಬಾರದು, ಅದು ಆ ಕೇರಿಯ ಪದ್ಧತಿ. ಕರೆಸಿಕೊಂಡವರು ಹೊಟ್ಟೆ ತುಂಬಿದೆ ಅಂದರೂ ಯಾರಿಗೂ ಬೇಜಾರಿಲ್ಲ. ಸುಖರಾಜಿ ಅದನ್ನೇ ಅನ್ನುತ್ತಿದ್ದಳು. ಹೊಟ್ಟೆಯಲ್ಲಿ ಬರೀ ಚಹಾ ಇರುತ್ತಿತ್ತು. ಒಳಗೆ ತೆಂಗಿನಹಾಲಿನಲ್ಲಿ ಕೆಸುವಿನ ಸೊಪ್ಪು ಬೇಯುವ ಪರಿಮಳಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಆದರೆ ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿದ್ದಳು: "ದನ ಬೇಯಿಸಿದ ಪಾತ್ರೇಲಿ ತಿಂದು ಬಂದ್ರೆ ಈ ಒಲೆ ಮುಟ್ಟಬೇಡ." ಗಂಡ ಮಾತ್ರ ಕೆಲೆರಾಳ ಮನೆಯಲ್ಲೇ ಕೂತು, ಬೇರು ಅರೆದು ನೀರಲ್ಲಿ ಕದಡಿದ ಯಾಂಗೋನಾ ಕುಡಿದು, ಮರಗೆಣಸು ತಿಂದು ಬರುತ್ತಿದ್ದ. ಅವನಿಗೆ ಅತ್ತೆ ಏನೂ ಅನ್ನುತ್ತಿರಲಿಲ್ಲ.

ಅತ್ತೆ ಸತ್ತಳು. ಗಂಡನೂ ಹೋದ. ಒಲೆ ಮುಟ್ಟಬೇಡ ಅನ್ನುವವರು ಉಳಿಯಲಿಲ್ಲ. ಆದರೂ ಕೆಲೆರಾ ಕರೆದಾಗ ಬಾಯಿಗೆ ಬರುವುದು ಅದೇ ಹಳೇ ಮಾತು. ಈ ಸಲ ಕಬ್ಬು ಕಡಿದಾದ ಮೇಲೆ ಒಂದು ದಿನ ಕೂತು ಉಂಡೇಬಿಡುವುದು ಅಂತ ಸುಖರಾಜಿ ಮನಸ್ಸಿನಲ್ಲೇ ಅಂದುಕೊಂಡಳು. ಕಬ್ಬು ಇನ್ನೂ ಗದ್ದೆಯಲ್ಲಿತ್ತು, ಕೆಲೆರಾ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡಳು.

ಆ ಕೇರಿಯ ಪದ್ಧತಿಯಂತೆ ಸಾವಿನ ಮನೆಗೆ ಕೊಡುವ ಸೀಮೆಎಣ್ಣೆ ಡಬ್ಬ, ಬಟ್ಟೆ ಹಿಡಿದು ಸುಖರಾಜಿ ಹೋದಳು. ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬೆನ್ನು ಬಾಗಿಸಿ ನಡೆದು ಚಾಪೆಯ ಅಂಚಿಗೆ ಕೂತಳು. ಕೆಲೆರಾಳ ಮಗಳು ವಾಸಿತಿ ಮೂಲೆಯಿಂದ ಒಂದು ಪಾತ್ರೆ ತಂದು ಮುಂದಿಟ್ಟಳು. ಹಳೇ ಪಾತ್ರೆ, ಆದರೆ ತಳಕ್ಕೆ ಮಸಿ ಹಿಡಿದಿರಲಿಲ್ಲ.

"ಚಿಕ್ಕಮ್ಮ, ಇದು ನಿಮ್ಮದು. ಇದರಲ್ಲಿ ಮಾಂಸ ಬೇಯಿಸಬಾರದು ಅಂತ ಅಮ್ಮ ಬೇರೆ ಇಟ್ಟಿದ್ಲು. ನನಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಯಾವಾಗಿಂದ?"

"ನಾನು ಹುಟ್ಟೋಕೆ ಮುಂಚಿಂದ. ನಿಮ್ಮತ್ತೆ ಮಾತು ನಿಮ್ಮ ಯಜಮಾನ್ರು ಹೇಳಿದ್ರಂತೆ."

"ನಂಗೊಂದು ಮಾತು ಹೇಳಬಾರದಾಗಿತ್ತಾ ಅವಳು."

"ಕರೆಯೋದು ನಮ್ಮ ಕೆಲಸ, ಎಳೆಯೋದಲ್ಲ ಅಂತಿದ್ಲು. ಇವತ್ತು ಒಲೆ ಮೇಲಿಡ್ಲಾ?"

ಸುಖರಾಜಿ ಹೂಂ ಅಂದಳು. ಕೆಸುವಿನ ಸೊಪ್ಪು ಬೆಂದಿತು. ಉಪ್ಪು ಸರಿಯಾಗಿತ್ತು, ತೆಂಗಿನಹಾಲು ಹದವಾಗಿತ್ತು. ಬಡಿಸಿದ್ದನ್ನು ಒಂದು ಚೂರೂ ಬಿಡದೆ ಉಂಡಳು.

"ಅಮ್ಮ ಮಾಡಿದ್ರೆ ಇನ್ನೂ ರುಚಿ ಇರ್ತಿತ್ತು," ಅಂದಳು ವಾಸಿತಿ.

"ನಂಗೇನು ಗೊತ್ತು ಮಗಾ," ಅಂದಳು ಸುಖರಾಜಿ.

ವಾಪಸ್ಸು ಬರುವಾಗ ಹಳ್ಳದ ದಡದಲ್ಲಿ ಅವಳಿಗೆ ಒಂದು ಮಾತು ಹೊಳೆಯಿತು. ಕೆಲೆರಾ ಬದುಕು ಅಂತಲೂ ಹರಸಿದಳು, ಬಾ ಅಂತಲೂ ಕರೆದಳು. ಬುಲಾ ಅಂದರೆ ಕರೆ ಅನ್ನುವ ಅರ್ಥ ಇದ್ದದ್ದು ತನ್ನ ಮಾತಿನಲ್ಲಿ. ಆದರೆ ತಾನು ಒಂದು ದಿನವಾದರೂ ಕೆಲೆರಾಳನ್ನು ತನ್ನ ಮನೆಗೆ ಕರೆದಿರಲಿಲ್ಲ.

ಈಗ ಸುಖರಾಜಿ ರೊಟ್ಟಿ ತಿನ್ನುವಾಗ ಬಾಗಿಲು ತೆರೆದಿಡುತ್ತಾಳೆ. ಗದ್ದೆಯ ಬದುವಿನ ಮೇಲೆ ಹೋಗುವವರನ್ನೆಲ್ಲ ಕರೆಯುತ್ತಾಳೆ. ಹೊಟ್ಟೆ ತುಂಬಿದೆ ಅಂತ ಹೇಳಿ ಅವರು ಮುಂದೆ ಹೋಗುತ್ತಾರೆ.