ಬಾಗಿಲು ತಡೆದ ಕಂಪ್ಯೂಟರು

ನಮ್ಮ ಮನೆಯಲ್ಲಿ ಕಂಪ್ಯೂಟರು ಒಂದೇ, ಅದನ್ನು ನೋಡುವ ಕಣ್ಣು ಎರಡು ಜೊತೆ. ನನಗೆ ಕೆಳಗೊಂದು ಪಟ್ಟಿ, ಪಟ್ಟಿಯ ತುಂಬ ಗುಂಡಿಗಳು, ಮೂಲೆಯಲ್ಲಿ ಗಡಿಯಾರ ಇರುವ ತೆರೆ ಬೇಕು. ನನ್ನ ಹೆಂಡತಿ ಗಿರಿಜೆಗೆ ಸಾರಿಸಿದ ಅಂಗಳದಂಥ ಖಾಲಿ ತೆರೆ ಬೇಕು. ನಮ್ಮ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಲೋಕದಲ್ಲಿ ಡೆಸ್ಕ್‌ಟಾಪ್ ಎನ್ನುವ ಈ ತೆರೆ ಎರಡು ಬಗೆಯದೂ ಬಿಟ್ಟಿ. ಬಿಟ್ಟಿ ಸಿಗುವಾಗ ಒಂದೇ ಸಾಕೆನ್ನುವ ವೈರಾಗ್ಯ ಹೊಸದುರ್ಗದಲ್ಲಿ ನಾನಂತೂ ಕಂಡಿಲ್ಲ; ಎರಡನ್ನೂ ಹಾಕಿದೆ.

ಆದರೆ ನೋಡಿ, ಒಂದೊಂದು ಡೆಸ್ಕ್‌ಟಾಪೂ ಬರುವಾಗ ತನ್ನದೇ ಬಾಗಿಲು ಕಾಯುವವನನ್ನು ಕರೆತರುತ್ತದೆ. ಅವನನ್ನು ಲಾಗಿನ್ ಮ್ಯಾನೇಜರ್ ಎನ್ನುತ್ತಾರೆ. ಹೆಸರು, ಪಾಸ್‌ವರ್ಡ್ ಕೇಳಿ ಒಳಗೆ ಬಿಡುವುದು ಅವನ ಕೆಲಸ. ಇಬ್ಬರಲ್ಲಿ ಯಾರಿರಲಿ ಎಂದು ಯಂತ್ರ ಮರ್ಯಾದೆಯಿಂದಲೇ ಕೇಳಿತು. ಮನೆಗೆ ಬಂದವರಲ್ಲಿ ಒಬ್ಬರಿಗೆ ಮಣೆ ಹಾಕಿ ಇನ್ನೊಬ್ಬರನ್ನು ನಿಲ್ಲಿಸಿ ನನಗೆ ಅಭ್ಯಾಸವಿಲ್ಲ. ಎಲ್ಲೆಲ್ಲೋ ಹುಡುಕಿ, ಹಟ ಹಿಡಿದು, ಇಬ್ಬರನ್ನೂ ನೇಮಿಸಿದೆ.

ಮರುದಿನ ಬೆಳಿಗ್ಗೆ ಗಿರಿಜೆ ಪಾಸ್‌ವರ್ಡ್ ಒತ್ತಿದಳು. ತೆರೆ ಕಪ್ಪಾಯಿತು, ಮಿಟುಕಿತು, ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಒತ್ತಿದಳು, ಮತ್ತೆ ಅದೇ. ಒಬ್ಬ ಕಾವಲುಗಾರ ಬಿಟ್ಟರೆ ಇನ್ನೊಬ್ಬ ತಡೆಯುತ್ತಿದ್ದ. ಒಳಗಿದ್ದದ್ದು ಹಿರಿಯೂರಿನ ನನ್ನ ಅಕ್ಕನ ಮಗನ ಲಗ್ನಪತ್ರಿಕೆ. ಗಿರಿಜೆ ವಾರವೆಲ್ಲ ಕೂತು ಮಾಡಿದ್ದು. ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗದಿದ್ದರೆ ಮದುವೆ ಮುಗಿದ ಮೇಲೆ ಹಂಚಬೇಕಿತ್ತು. ಅಷ್ಟರಲ್ಲಿ ಅಕ್ಕನ ಫೋನು.

"ಏನಪ್ಪ, ಕಾರ್ಡು ಹೋತಾ?"

"ಬಾಗ್ಲಲ್ಲೇ ಐತಕ್ಕ" ಎಂದೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಗಿರಿಜೆಗೆ ಮಾತ್ರ ನಗು. "ನಮ್ ಮದ್ವೆ ನೆನಪೈತೇನ್ರಿ?"

ಇಲ್ಲದೆ ಏನು! ಹೊಸ ಸೊಸೆ ಹೊಸಿಲು ದಾಟುವ ಮೊದಲು ಗಂಡನ ಅಕ್ಕತಂಗಿಯರು ಬಾಗಿಲು ತಡೆದು, ಗಂಡನ ಹೆಸರು ಹೇಳಿಸಿಯೇ ಬಿಡುವುದು ನಮ್ಮಲ್ಲಿ ಪದ್ಧತಿ. ಅವತ್ತು ಗಿರಿಜೆ ನನ್ನ ಅಕ್ಕನಿಗೆ ಹೇಳಿದ್ದು ತಂಗಿಯ ಲೆಕ್ಕಕ್ಕಿಲ್ಲ, ತಂಗಿಗೆ ಹೇಳಿದ್ದು ಅಕ್ಕನ ಲೆಕ್ಕಕ್ಕಿಲ್ಲ. ತಡೆಯುವ ಹಕ್ಕು ಯಾರದೆಂದು ಅವರಿಬ್ಬರೂ ಜಗಳಕ್ಕೆ ನಿಂತರು. ನಾನು ಆರತಿ ತಟ್ಟೆ ನೋಡುತ್ತ ನಿಂತೆ. ತಿರುಗಿದರೆ ಪಕ್ಕದಲ್ಲಿ ಹೆಂಡತಿಯೇ ಇಲ್ಲ. ಹಿತ್ತಲಿಂದ ಒಳಗೆ ಹೋಗಿ ಅಡುಗೆಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದಳು.

"ಇದುಕ್ಕೆ ಹಿತ್ಲ ಬಾಗ್ಲು ಇಲ್ವಾ?" ಎಂದಳು.

ಇತ್ತು! ಮೂರು ಕೀಲಿ ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಕರಿತೆರೆ ಬರುತ್ತದೆ. ಅಲ್ಲಿಂದ ನುಗ್ಗಿ, ಮನಸ್ಸು ಗಟ್ಟಿಮಾಡಿ, ನನ್ನ ಕಡೆಯ ಕಾವಲುಗಾರನನ್ನು ಮನೆಗೆ ಕಳಿಸಿದೆ. ಅವಳ ಕಡೆಯವನನ್ನು ತೆಗೆದರೆ ಅವಳು ಎದ್ದು ಹೋದಾಗ ತೆರೆಗೆ ಬೀಗ ಬೀಳುವುದಿಲ್ಲವಂತೆ. ಇದು ತಾಂತ್ರಿಕ ಕಾರಣ. ಗಂಡನಾದವನ ಕಾರಣ ನಿಮಗೆ ಗೊತ್ತೇ ಇದೆ. ಉಳಿದ ಒಬ್ಬನೇ ಇಬ್ಬರಿಗೂ ತಕರಾರಿಲ್ಲದೆ ಬಾಗಿಲು ತೆಗೆದ.

ಪತ್ರಿಕೆ ಪ್ರೆಸ್ಸಿಗೆ ಹೋಯಿತು. ಗಿರಿಜೆ ಅಕ್ಕನಿಗೆ ತಾನೇ ಫೋನು ಮಾಡಿದಳು.

"ಕಾರ್ಡು ಹೋತಕ್ಕ. ಸೊಸೆ ಬಂದಾಗ ಮುಂದ್ಲ ಬಾಗ್ಲಿಗೆ ಎಷ್ಟ್ ಜನಾನಾದ್ರೂ ನಿಲ್ಲಿಸ್ಕಳ್ರಿ. ಹಿತ್ಲ ಬಾಗ್ಲಿಗೆ ಮಾತ್ರ ಚಿಲಕ ಹಾಕ್‌ಬ್ಯಾಡ್ರಿ."