ಶನಿವಾರದ ಹೊಗೆ
"ಖಾಲಿ ಊರಾ? ಸರಿಯಾಗಿ ಕಣ್ಣು ಬಿಟ್ಟು ನೋಡಿ ಮೇಷ್ಟ್ರೇ! ಮನೆಗಳಲ್ಲಿ ಹೊಗೆ ಇಲ್ಲ, ಹೊಳೆದಂಡೆ ಬಚ್ಚಲುಮನೇಲಿ ಮಾತ್ರ ಹೊಗೆ. ಅಂದ್ರೆ ಇವತ್ತು ಶನಿವಾರ, ಊರಿಗೂರೇ ಹಬೆಸ್ನಾನಕ್ಕೆ ಹೋಗಿದೆ!" ವೋಲ್ಗಾ ದಂಡೆಯ ಪುಟ್ಟ ಚಿತ್ರಶಾಲೆಯ ಕಾವಲುಗಾರ ಸವೇಲಿ ಕುಜ್ಮಿಚ್‌ನ ದಿನನಿತ್ಯದ ಜಗಳವಿದು. ಅವನ ಕುರ್ಚಿಯೆದುರು ತೂಗುಹಾಕಿದ ನೂರು ವರ್ಷ ಹಳೆಯ ಚಿತ್ರವೊಂದರಲ್ಲಿ ಹುಲ್ಲುಗಾವಲು, ಹೊಳೆ, ನಾಲ್ಕಾರು ಮರದ ಮನೆ. ಒಂದು ನರಪಿಳ್ಳೆಯೂ ಇಲ್ಲ. "ಎಂಥಾ ಏಕಾಂತ!" ಎಂದು ಯಾರಾದರೂ ನಿಟ್ಟುಸಿರುಬಿಟ್ಟರೆ ಸಾಕು, ಮುದುಕ ಕುರ್ಚಿಯಿಂದ ಚಿಮ್ಮುತ್ತಾನೆ. ಒಳಗೆ ಹಬೆಯಲ್ಲಿ ಕೂತವರು ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಾರಿಸಿಕೊಳ್ಳುವ ಸದ್ದು ತನಗೆ ಕೇಳಿಸುತ್ತದೆ ಎನ್ನುತ್ತಾನೆ. ಒಮ್ಮೆ ಹಬೆ ಹೊರನುಗ್ಗಿ ಪಕ್ಕದ ಚಿತ್ರದ ಸೇನಾಪತಿಯ ಮೀಸೆ ಜೋತುಬಿತ್ತೆಂದು ಆಣೆ ಹಾಕುತ್ತಾನೆ. ಇವತ್ತು ಚಿತ್ರ ನೋಡಲು ಬಂದ ಮೇಷ್ಟ್ರು ಮಾತ್ರ ಪಟ್ಟು ಬಿಡಲಿಲ್ಲ. "ಅದು ಮಂಜಿರಬಹುದು ತಾತ. ಜನ ಊರು ಬಿಟ್ಟು ಹೋಗಿರಬಹುದು." ಸವೇಲಿಯ ಕಿವಿ ಕೆಂಪಾಯಿತು. "ಊರು ಬಿಡೋದು ಹೇಗೆ ಅಂತ ನಂಗೆ ಹೇಳ್ತೀರಾ? ಅಣೆಕಟ್ಟಿನ ನೀರು ನಮ್ಮೂರಿಗೆ ಬಂದಾಗ ಅಪ್ಪ ಮನೆಯ ದಿಮ್ಮಿ ದಿಮ್ಮಿ ಬಿಚ್ಚಿ, ತೆಪ್ಪ ಕಟ್ಟಿ, ಅದರ ಮೇಲೆ ಅಜ್ಜಿಯನ್ನೂ ಮೇಕೆಯನ್ನೂ ಕೂರಿಸಿ ತೇಲಿಸಿಕೊಂಡು ಬಂದ. ಊರು ಬಿಡೋರು ಮನೇನ ಜೊತೆಗೇ ಒಯ್ತಾರೆ ಸ್ವಾಮಿ! ಇಲ್ಲಿ ಮನೆಗಳು ನಿಂತಿವೆ. ಜನ ಇದ್ದಾರೆ. ಇನ್ನೇನು ಬಂದುಬಿಡ್ತಾರೆ!" ಮೇಷ್ಟ್ರು ಚಿತ್ರದ ಹತ್ತಿರಕ್ಕೆ ಒಂದು ಹೆಜ್ಜೆ ಸರಿದರು. ಅಷ್ಟರಲ್ಲಿ ಟಿಕೆಟ್ ಕಿಟಕಿಯಿಂದ ಮುದುಕನ ಹೆಂಡತಿ ಗ್ರೂಷಾ ಕೂಗಿದಳು. "ಸವೇಲೀ, ಎಲೆಕೋಸಿನ ಸಾರು ಆರಿಹೋಗ್ತಿದೆ, ಬರ್ತೀಯೋ ಬೆಕ್ಕಿಗೆ ಹಾಕ್ಲೋ?" "ಬಂದೆ ಕಣೇ!" ಎಂದ ಮುದುಕ ಮೇಷ್ಟ್ರನ್ನು ತನ್ನ ಕುರ್ಚಿಯಲ್ಲಿ ಕೂರಿಸಿದ. "ಚಿತ್ರದಿಂದ ಕಣ್ಣು ಕೀಳಬೇಡಿ. ಬಾಗಿಲು ತೆರೆದು ಒಬ್ಬರಾದ್ರೂ ಹೊರಗೆ ಬಂದ್ರೆ, ನಂಗೊಂದು ಕೂಗು ಹಾಕಿ."