ದೇವರು ಕ್ಷಮಿಸಿದ ಮೇಲೆ

ನಮ್ಮ ಕನ್ನಡ ಕ್ರೈಸ್ತ ಸಭೆ ಸೇರುವುದು ಮುಂಬೈ ಹತ್ತಿರದ ಕಲ್ಯಾಣದ ಪೂರ್ವ ಭಾಗದಲ್ಲಿ, ಒಂದು ಶಾಲೆಯ ಹಾಲ್‌ನಲ್ಲಿ. ಪ್ರತಿ ಭಾನುವಾರ ನಾನು ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಹೋಗುತ್ತೇನೆ. ಮುಂದಿನ ಬೆಂಚುಗಳಲ್ಲಿ ನಮ್ಮಂಥ ಕರಾವಳಿಯ ಕುಟುಂಬಗಳು, ಹಿಂದೆ ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಹೀಗೇ ಕೂರಬೇಕೆಂದು ಯಾರೂ ಹೇಳಿಲ್ಲ, ಆಗಿಬಿಟ್ಟಿದೆ.

ಹಿಂದಿನ ಬೆಂಚಿನಲ್ಲಿ ಕೂರುವ ರಾಯಚೂರಿನ ಒಬ್ಬಾಕೆ ನನಗೆ ಹತ್ತಿರದವಳಾದಳು. ಗಾರೆ ಕೆಲಸದವಳು. ನಾನು ಟೀಚರಾಗಿದ್ದವಳೆಂದು ತಿಳಿದ ಮೇಲೆ ‘ಅಕ್ಕೋರ’ ಎಂದೇ ಕರೆಯುತ್ತಿದ್ದಳು. ಗಂಡ ಲೋಡಿಂಗ್ ಕೆಲಸದವನು, ಕುಡುಕ. ಒಂದು ಸಂಜೆ ಅವನು ಹೊಡೆದ ಏಟಿಗೆ ಪುಟ್ಟ ಮಗಳ ಎಡಗಿವಿ ಕೇಳಿಸದೇ ಹೋಯಿತು. ಅದಾದ ಸ್ವಲ್ಪ ಕಾಲಕ್ಕೆ ಅವನು ಮನೆ ಬಿಟ್ಟು ಹೋದ. ಆಕೆ ಇಟ್ಟಿಗೆ ಹೊತ್ತು ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ಆ ಹುಡುಗಿ ಈಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ತಾಯಿ ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

ಕಳೆದ ವರ್ಷ ಆ ಗಂಡ ಲಿವರ್ ಕೆಟ್ಟು ಸರ್ಕಾರಿ ಆಸ್ಪತ್ರೆ ಸೇರಿದ. ಯಾರೋ ಸಭೆಗೆ ಹೇಳಿ ಕಳಿಸಿದರು. ನಮ್ಮ ಪಾಸ್ಟರ್ ಹೋಗಿ ಅವನ ಜೊತೆ ಪ್ರಾರ್ಥನೆ ಮಾಡಿದರು. ಅವನು ಅತ್ತು, ತನ್ನ ಪಾಪಗಳನ್ನೆಲ್ಲ ಒಪ್ಪಿಕೊಂಡು, ದೀಕ್ಷಾಸ್ನಾನ ಕೇಳಿದನಂತೆ. ಮುಂದಿನ ಭಾನುವಾರದ ಪ್ರಸಂಗದಲ್ಲಿ ಪಾಸ್ಟರ್ ಶಿಲುಬೆಯ ಮೇಲಿನ ಕಳ್ಳನ ಕಥೆ ಹೇಳಿದರು. ಕೊನೆಯ ಗಳಿಗೆಯಲ್ಲಿ ಬೇಡಿಕೊಂಡವನಿಗೂ ಪರದೈಸಿನ, ಎಂದರೆ ಸ್ವರ್ಗದ, ಬಾಗಿಲು ತೆರೆಯಿತು, ನಮ್ಮ ನಡುವೆಯೂ ಒಂದು ಆತ್ಮ ನರಕದಿಂದ ಉಳಿಯಿತು ಎಂದರು. ಮುಂದಿನ ಬೆಂಚುಗಳವರು ಆಮೆನ್ ಎಂದರು. ನಾನೂ ಅಂದೆ.

ಆರಾಧನೆ ಮುಗಿದು ಚಹಾ ಕುಡಿಯುವಾಗ ಆಕೆ ಪಾಸ್ಟರ ಹತ್ತಿರ ಬಂದಳು.

“ಒಂದು ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ದೇವ್ರು ಅವಂಗ ಮಾಫ್ ಮಾಡ್ಯಾನ ಅಂದ್ರಿ. ನಂಗ ಹೊಡದದ್ದು ನಾ ಬಿಡ್ತೀನಿ, ಆತು. ಮಗಳ ಕಿವಿ ಹೋಗ್ಯಾದಲ್ರಿ, ಅದನ್ನ ದೇವ್ರು ಯಾರನ್ನ ಕೇಳಿ ಮಾಫ್ ಮಾಡಿದ?”

“ಹಾಗಾದ್ರೆ ಅವನಿಗೆ ನರಕ ಆಗ್ಲಿ ಅಂತೀಯೇನಮ್ಮ?” ಪಾಸ್ಟರ್ ಮೆಲ್ಲಗೆ ಕೇಳಿದರು.

“ನರಕದ ಮಾತು ನಂಗ ಗೊತ್ತಿಲ್ರಿ. ಅಂವ ಸ್ವರ್ಗಕ್ಕ ಬಂದ್ರ ನಾ ಅಲ್ಲಿಗೆ ಬರಂಗಿಲ್ಲ. ಅಷ್ಟ.”

ಪಾಸ್ಟರ್ ಕಪ್ಪು ಕೆಳಗಿಟ್ಟರು.

ಮನೆಗೆ ಹೋಗುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಸಂಡೇ ಸ್ಕೂಲಿನಲ್ಲಿ ನಮಗೆ ಕಲಿಸಿದ ನರಕದಲ್ಲಿ ಆರದ ಬೆಂಕಿ ಇತ್ತು, ಹಲ್ಲು ಕಡಿಯುವವರಿದ್ದರು. ದೊಡ್ಡವಳಾದಂತೆ ಅದನ್ನು ಪಕ್ಕಕ್ಕಿಟ್ಟಿದ್ದೆ. ಪ್ರೀತಿಯ ದೇವರು ಯಾರನ್ನೂ ಸುಡಲಾರ ಅಂದುಕೊಂಡು ಆರಾಮವಾಗಿದ್ದೆ. ನನಗೆ ಅಂಥ ಅನ್ಯಾಯ ಯಾರೂ ಮಾಡಿರಲಿಲ್ಲವಲ್ಲ, ಹಾಗಾಗಿ ನರಕದ ಅಗತ್ಯವೂ ಬಿದ್ದಿರಲಿಲ್ಲ.

ಎರಡು ದಿನ ಬಿಟ್ಟು ಪಾಸ್ಟರ್ ಫೋನ್ ಮಾಡಿದರು. “ಟೀಚರ್, ನಾನು ಅರ್ಧ ಕೆಲಸ ಮಾಡಿ ಪೂರ್ತಿ ಅಂತ ಸಭೆಗೆ ಹೇಳಿಬಿಟ್ಟೆ. ಅವನು ದೇವರನ್ನ ಕೇಳಿದ, ಈ ತಾಯಿ ಮಗಳನ್ನ ಕೇಳಲಿಲ್ಲ. ಇನ್ನೂ ಜೀವ ಇದೆ. ಇವತ್ತು ನಾನೇ ಅವನಿಗೆ ಹೇಳಿದೆ, ಕರೆಸಿ ಅಂದ. ತಾಯಿ ಮಗಳು ಬರೋದಾದ್ರೆ ನೀವೂ ಜೊತೆಗೆ ಬನ್ನಿ.”

ಬಂದರು. ಮಗಳು ಅಂಗಡಿಯ ಯೂನಿಫಾರ್ಮಿನಲ್ಲೇ ಬಂದಿದ್ದಳು. ವಾರ್ಡ್ ತುಂಬಿತ್ತು, ಫ್ಯಾನುಗಳ ಸದ್ದು, ಪಕ್ಕದ ಮಂಚದವರ ಮಾತು. ಅವನು ಹಳದಿಯಾಗಿದ್ದ, ಹೊಟ್ಟೆ ಉಬ್ಬಿತ್ತು. ಮಗಳನ್ನು ನೋಡಿ ಏನೋ ಹೇಳಿದ. ಅವಳು ನಿಂತಿದ್ದ ಕಡೆಯಿಂದ ಅವಳಿಗೆ ಕೇಳಿಸಲಿಲ್ಲ. ತಾಯಿಯ ಮುಖ ನೋಡಿದಳು. ತಾಯಿ ಹೇಳಿಕೊಡಲಿಲ್ಲ. ಅವಳು ಮಂಚವನ್ನು ಸುತ್ತಿ ಆ ಕಡೆ ಹೋಗಿ, ಬಲಗಿವಿ ಬಗ್ಗಿಸಿ, “ಕ್ಯಾ ಬೋಲಾ?” ಎಂದು ಕೇಳಿದಳು.

ಅವಳಿಗೆ ಯಾಕೆ ಕೇಳಿಸಲಿಲ್ಲವೆಂದು ಅವನಿಗೆ ಆಗ ತಿಳಿಯಿತು. ನರಕ ಎನ್ನುವುದಿದ್ದರೆ ಅದರ ಒಂದಿಷ್ಟನ್ನು ಅವನು ಆ ಮಂಚದ ಮೇಲೆಯೇ ಕಂಡನೆಂದು ನನಗೆ ಅನ್ನಿಸುತ್ತದೆ. ಆಮೇಲೆ ಮತ್ತೆ ಹೇಳಿದ. “ನಿನ್ನ ಕಿವಿ ನಾನ ಕಳದೆ. ತಪ್ಪಾತವ್ವಾ.”

“ಸುನಾ,” ಎಂದಳು ಹುಡುಗಿ. ಕೇಳಿಸಿತು ಎಂದಷ್ಟೇ. ಮಾಫ್ ಮಾಡಿದೆ ಎನ್ನಲಿಲ್ಲ. ಆದರೆ ತಕ್ಷಣ ಹೊರಟುಹೋಗಲೂ ಇಲ್ಲ, ಸ್ಟೂಲ್ ಎಳೆದುಕೊಂಡು ಕೂತಳು. ತಾಯಿ ಅವನ ಬಾಯಿಗೆ ಚಮಚದಲ್ಲಿ ನೀರು ಹಾಕಿದಳು.

ಆ ವಾರವೇ ಅವನು ತೀರಿಕೊಂಡ. ಮಣ್ಣು ಮಾಡಿ ಬರುವಾಗ ಆಕೆ ಪಾಸ್ಟರನ್ನು ಮತ್ತೆ ಕೇಳಿದಳು. “ಅಲ್ಲಿ ಅಂವ ನನ್ನ ಎದುರಿಗೆ ಬಂದ್ರ ಏನ್ ಮಾಡ್ಲಿ?”

“ನಿನಗೆ ಹೊಡೆದವನಾಗೇ ಅಲ್ಲಿಗೆ ಬರೋಕಾಗಲ್ಲಮ್ಮ. ಹಾಗೇ ಬಂದ್ರೆ ಅದು ಸ್ವರ್ಗವೇ ಅಲ್ಲ. ಸುಳ್ಳೆಲ್ಲ ಸುಟ್ಟುಹೋಗಿ ಏನು ಉಳಿಯುತ್ತೋ ಅದೇ ಬರಬೇಕು. ನಾನು ನಂಬಿರೋದು ಇಷ್ಟೇ, ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.”

“ನೋಡೂಣು,” ಎಂದಳು ಆಕೆ.

ಮಗಳು ಸಭೆಗೆ ಬರುವುದಿಲ್ಲ. ತಾಯಿ ತಪ್ಪದೆ ಬರುತ್ತಾಳೆ. ನಾನೀಗ ಹಿಂದಿನ ಬೆಂಚಿನಲ್ಲಿ ಆಕೆಯ ಪಕ್ಕ ಕೂರುತ್ತೇನೆ. ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುತ್ತದೆ. ಕೆಲವು ಭಾನುವಾರ ಆಕೆಯ ದನಿ ಅಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕೆಲವು ಭಾನುವಾರ ಆಕೆ ಆ ಮಾತನ್ನು ಬಿಟ್ಟು, ಪ್ರಾರ್ಥನೆಯ ಮುಂದಿನ ಸಾಲಿನಿಂದ ಮತ್ತೆ ನಮ್ಮ ಜೊತೆ ದನಿ ಕೂಡಿಸುತ್ತಾಳೆ.